ವಿಆರ್‌ನಲ್ಲಿ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ಕಾಲ್ಪನಿಕ ಲೋಕದಲ್ಲಿ) ಟೆನಿಸ್, ಟೇಬಲ್ ಟೆನಿಸ್‌ನಂಥ ಆಟ ಆಡಿದರೆ ನಿಜವಾದ ಆಟ ಸುಧಾರಿಸುತ್ತದೆಯೇ?

ಟೇಬಲ್ ಟೆನಿಸ್ ಆದರೆ ಖಂಡಿತ ಸುಧಾರಿಸುತ್ತದೆ. ಟೆನಿಸ್ ಆದರೆ ಜಾಸ್ತಿ ನಿರೀಕ್ಷೆ ಬೇಡ, ಕೋರ್ಟ್ 23.77 ಮೀಟರ್ ಉದ್ದ, ಅಷ್ಟು ಓಡೋಕೆ ಕೋಣೆಯಲ್ಲಿ ಜಾಗ ಎಲ್ಲಿದೆ? ಟೇಬಲ್ ಟೆನಿಸ್‌ನಲ್ಲಿ ಎರಡು ಹೆಜ್ಜೆ ಆಚೀಚೆ ಸರಿಯಲು ಜಾಗ ಇದ್ದರೂ ಚೆನ್ನಾಗಿ ಅಭ್ಯಾಸ ಮಾಡಬಹುದು. ಚೆಂಡು ಬರೀ 2.7 ಗ್ರಾಂ, ಹೊಡೆದಾಗ ಕೈಗೆ ತಾಕುವುದೇ ಕಡಿಮೆ ಅಲ್ವಾ, ಹಾಗಾಗಿ ಬ್ಯಾಟಿನ ಬದಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಸುಮ್ನೆ ಒಮ್ಮೆ ಕಂಪಿಸಿದರೂ ನಿಜವಾಗಿ ಹೊಡೆದಂತೆಯೇ ಅನಿಸುತ್ತದೆ. ಎದುರಾಳಿಯ ಸ್ಪಿನ್ ಗುರುತಿಸುವುದು, ಅದಕ್ಕೆ ತಕ್ಕಂತೆ ಬ್ಯಾಟ್ ವಾಲಿಸುವುದು, ಇವೆರಡೂ ಇಲೆವೆನ್ ಟೇಬಲ್ ಟೆನಿಸ್‌ನಂಥ ವಿಆರ್ ಆಟದಲ್ಲಿ ಚೆನ್ನಾಗಿ ರೂಢಿಯಾಗುತ್ತವೆ. ಆದರೆ ಕಂಟ್ರೋಲರ್‌ನ ತೂಕ ಹಿಡಿಯ ಹತ್ತಿರವೇ ಇರುತ್ತದೆ, ಬ್ಯಾಟಿನಲ್ಲಿ ಅದು ಮುಂದಿರುತ್ತದೆ. ಹಾಗಾಗಿ ಕಂಟ್ರೋಲರ್‌ಗೆ ಬ್ಯಾಟಿನ ಆಕಾರದ ಅಡಾಪ್ಟರ್ ಹಾಕಿಕೊಂಡರೆ ಒಳ್ಳೆಯದು. ನೆಟ್ ಹತ್ತಿರದ ಚೆಂಡಿಗೆ ಬಗ್ಗುವಾಗ ಮಾತ್ರ ಟೇಬಲ್ ಮೇಲೆ ಕೈ ಊರಲು ಹೋಗಬೇಡಿ, ಅಲ್ಲಿ ನಿಜವಾದ ಟೇಬಲ್ ಇಲ್ಲ, ಬಿದ್ದೇ ಬೀಳುತ್ತೀರಿ.