ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡಿ

ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ಇನ್ನೂ ಸರಿಯಾಗಿ ನೆಲೆ ನಿಂತಿಲ್ಲ. ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಇದೆ ಅಂತ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯವರು ರಿಪೋರ್ಟ್ ಕೊಟ್ಟಿದ್ದಾರೆ. ಇಲ್ಲಿನ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಳ್ಳುತ್ತದಾ, ಎಚ್-1ಬಿ ಉದ್ಯೋಗ ವೀಸಾ ಮೇಲೆ ಬಂದವರು ಇಂಥದ್ದನ್ನೆಲ್ಲ ಕೇಳಿದರೆ ತೊಂದರೆ ಆಗುತ್ತದಾ, ಶಾಲೆಯವರ ಹತ್ತಿರ ಹೇಗೆ ಮಾತಾಡಬೇಕು ಅಂತ ಕೇಳಿದ್ದೀರಿ. ನನ್ನನ್ನು ಅಕ್ಕ ಅಂತ ಕರೆದಿದ್ದೀರಿ. ಆ ಸಲುಗೆಯಲ್ಲೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನನ್ನ ಮಗನೂ ಇದೇ ರಾಜ್ಯದ ಸರ್ಕಾರಿ ಶಾಲೆಯಲ್ಲಿ, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸ್ಪೆಷಲ್ ಎಜುಕೇಶನ್‌ನಲ್ಲೇ ಬೆಳೆದವನು. ಈಗ ಅವನಿಗೆ ಹತ್ತೊಂಬತ್ತು.

ಮೊದಲು ನಿಮ್ಮ ಭಯ ಹೋಗಲಿ. ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಳ್ಳಲೇಬೇಕು. ಅಂಗವೈಕಲ್ಯ ಇರುವ ಪ್ರತಿಯೊಂದು ಮಗುವಿಗೂ ಉಚಿತವಾಗಿ, ಅದಕ್ಕೆ ತಕ್ಕ ಶಿಕ್ಷಣ ಕೊಡಬೇಕು ಅಂತ ಅಮೆರಿಕದಲ್ಲಿ 1975ರಲ್ಲೇ ಕಾಯ್ದೆ ಬಂತು. 1990ರಿಂದ ಅದನ್ನು ಐಡಿಇಎ ಅಂತ ಕರೆಯುತ್ತಾರೆ. ಮೂರು ವರ್ಷ ತುಂಬಿದ ದಿನದಿಂದ ಹೊಣೆ ನೀವಿರುವ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನದು. ನ್ಯೂಜೆರ್ಸಿಯಲ್ಲಿ ಮಗನಿಗೆ ಇಪ್ಪತ್ತೊಂದು ಆಗುವ ಶಾಲಾ ವರ್ಷ ಮುಗಿಯುವವರೆಗೂ ಆ ಹೊಣೆ ಇರುತ್ತದೆ. ನಿಮ್ಮ ಊರಿನಲ್ಲಿ ಬೇರೆ ಮಕ್ಕಳಿಗೆ ಉಚಿತ ಪ್ರೀಸ್ಕೂಲ್ ಇಲ್ಲದಿದ್ದರೂ ನಿಮ್ಮ ಮಗನಿಗೆ ಕೊಡಬೇಕು. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಗದಪತ್ರ ಇಲ್ಲದೆ ಬಂದವರ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವ ಹಾಗಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ನೀವು ಆ ಊರಿನಲ್ಲಿ ವಾಸವಾಗಿದ್ದೀರಿ ಅನ್ನುವುದಕ್ಕೆ ಬಾಡಿಗೆ ಕರಾರು, ಮಗನ ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ, ಇಷ್ಟನ್ನು ಸಿದ್ಧ ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು. ಊರಿನಲ್ಲಿ ಮೂರು ಶಾಲೆಯವರು "ನಮ್ಮಲ್ಲಿ ಆಗಲ್ಲ" ಅಂದರು, ಇಲ್ಲಿ ಸೇರಿಸಿಕೊಂಡರೇ ಸಾಕು, ಮತ್ತೇನೂ ಕೇಳಲ್ಲ ಅಂತ ಬರೆದಿದ್ದೀರಿ. ಅದನ್ನು ಓದಿ ಸಂಕಟ ಆಯಿತು. ನಮ್ಮ ದೇಶದಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇಂಥ ಮಕ್ಕಳ ಪರವಾಗಿಯೇ ಇದೆ. ಆದರೂ ಅಪ್ಪ ಅಮ್ಮ ಬಾಗಿಲು ಬಾಗಿಲು ಅಲೆಯುವುದು ತಪ್ಪಿಲ್ಲ. ಹಾಗೆ ಅಲೆದು ಬಂದವರಿಗೆ ಇಲ್ಲಿನ ಹಳದಿ ಶಾಲಾ ಬಸ್ಸು ಮನೆ ಮುಂದೆ ಬಂದು ನಿಂತರೆ ಕಣ್ಣು ತುಂಬುತ್ತದೆ. ಆಮೇಲೆ ಏನು ಕೊಟ್ಟರೂ ಸರಿ ಅಂತ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಇದು ಯಾರೂ ಮಾಡುವ ಉಪಕಾರ ಅಲ್ಲ. ಈ ರಾಜ್ಯದ ಶಾಲೆಗಳು ಬಹುಪಾಲು ನಡೆಯುವುದು ಮನೆ ತೆರಿಗೆಯಿಂದ. ನೀವು ಕಟ್ಟುವ ಬಾಡಿಗೆಯಲ್ಲಿ ಅದೂ ಸೇರಿದೆ.

ಈಗ ಕೆಲಸದ ಮಾತು. ಶಾಲೆಯ ಆಫೀಸಿಗೆ ಹೋಗಿ ಬಾಯಲ್ಲಿ ಹೇಳಿ ಬರಬೇಡಿ. ರಿಸೆಪ್ಷನ್‌ನಲ್ಲಿ ಕೂತವರು ಒಳ್ಳೆಯವರೇ, ನಗುನಗುತ್ತಾ "ನೋಡೋಣ, ಸೆಪ್ಟೆಂಬರ್‌ನಲ್ಲಿ ಬನ್ನಿ" ಅಂತ ಕಳಿಸಿಬಿಡುತ್ತಾರೆ. ಆ ಮಾತಿಗೆ ತಾರೀಖಿಲ್ಲ, ದಾಖಲೆಯಿಲ್ಲ. ಡಿಸ್ಟ್ರಿಕ್ಟ್‌ನ ಸ್ಪೆಷಲ್ ಸರ್ವೀಸಸ್ ಡೈರೆಕ್ಟರ್‌ಗೆ ಒಂದು ಪತ್ರ ಬರೆಯಿರಿ. ನಾಲ್ಕೇ ಸಾಲು ಸಾಕು: ಮಗುವಿನ ಹೆಸರು, ಹುಟ್ಟಿದ ದಿನ, ನಿಮಗೆ ಕಾಣುತ್ತಿರುವ ತೊಂದರೆ, "ಚೈಲ್ಡ್ ಸ್ಟಡಿ ಟೀಮ್ ಇವನನ್ನು ಪೂರ್ತಿಯಾಗಿ ಪರೀಕ್ಷೆ ಮಾಡಬೇಕು ಅಂತ ಕೋರುತ್ತೇನೆ" ಅನ್ನುವ ಕೋರಿಕೆ. ಮಕ್ಕಳನ್ನು ಪರೀಕ್ಷಿಸುವ ಡಿಸ್ಟ್ರಿಕ್ಟ್‌ನ ತಂಡವೇ ಚೈಲ್ಡ್ ಸ್ಟಡಿ ಟೀಮ್. ಜೊತೆಗೆ ಮೈಸೂರಿನ ರಿಪೋರ್ಟ್‌ನ ಪ್ರತಿ. ಪತ್ರ ಕೈಸೇರಿದ 20 ದಿನದೊಳಗೆ ಅವರು ನಿಮ್ಮನ್ನು ಕರೆದು ಸಭೆ ನಡೆಸಬೇಕು. ಬೇಸಿಗೆ ರಜೆ ಅಂತ ಆ ಲೆಕ್ಕ ನಿಲ್ಲುವುದಿಲ್ಲ. ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ ಪರೀಕ್ಷೆ ಮುಗಿಸಿ, ಮಗನಿಗಾಗಿ ಶಿಕ್ಷಣ ಯೋಜನೆ ಬರೆದು, ಅದನ್ನು ಶುರು ಮಾಡಲು 90 ದಿನ. ಈ ಗಡಿಯಾರ ತಿರುಗುವುದು ಪತ್ರದಿಂದ ಮಾತ್ರ. ಡಿಸ್ಟ್ರಿಕ್ಟ್ ಒಪ್ಪುವುದಾದರೆ ಇಮೇಲ್ ಆದರೂ ಸರಿ, ಪ್ರತಿ ಇಟ್ಟುಕೊಳ್ಳಿ.

ಮೈಸೂರಿನ ರಿಪೋರ್ಟ್ ಒಂದನ್ನೇ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು, ಆದರೆ ತಮ್ಮದೇ ಪರೀಕ್ಷೆಯನ್ನೂ ಮಾಡುತ್ತಾರೆ. ಸೈಕಾಲಜಿಸ್ಟ್, ಕಲಿಕೆಯ ತೊಂದರೆ ನೋಡುವ ಪರಿಣತ ಶಿಕ್ಷಕರು, ಸೋಶಿಯಲ್ ವರ್ಕರ್ ಆ ತಂಡದಲ್ಲಿರುತ್ತಾರೆ. ಮಾತಿನ ತೊಂದರೆ ಇರುವುದರಿಂದ ಸ್ಪೀಚ್ ಥೆರಪಿಸ್ಟ್ ಕೂಡ ಸೇರುತ್ತಾರೆ. ಮಗು ಮನೆಯಲ್ಲಿ ಆಡುವುದು ಕನ್ನಡ ಅಂತ ಮೊದಲ ದಿನವೇ ಬರೆದು ಕೊಡಿ. ಸಾಧ್ಯವಾದ ಮಟ್ಟಿಗೂ ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ. ಕನ್ನಡ ಬರುವ ಪರೀಕ್ಷಕರು ಸಿಗುವುದು ಕಷ್ಟ, ಆದರೆ ದುಭಾಷಿಯನ್ನು ಕೂರಿಸಬಹುದು. ನಮ್ಮ ಪರಿಚಯದ ಒಂದು ಮಗು ಮನೆಯಲ್ಲಿ ಹಾಲು ಬೇಡ, ಚಪ್ಪಲಿ ಕೊಡು, ತಾತ ಬಂದ್ರು ಅಂತ ಚೆನ್ನಾಗಿಯೇ ಹೇಳುತ್ತಿತ್ತು. ಪರೀಕ್ಷೆಯ ರಿಪೋರ್ಟ್‌ನಲ್ಲಿ ಎರಡು ಪದ ಜೋಡಿಸಲು ಬರುವುದಿಲ್ಲ ಅಂತ ಬಂತು. ಅಲ್ಲಿ ಕೂತವರಿಗೆ ಅದು ಸುಮ್ನೆ ಸದ್ದಾಗಿ ಕೇಳಿಸಿತ್ತು. ಆ ತಾಯಿ ಮನೆಯಲ್ಲಿ ಫೋನಿನಲ್ಲಿ ತೆಗೆದ ವಿಡಿಯೊ ಕಳಿಸಿ, ಪ್ರತಿ ವಾಕ್ಯಕ್ಕೂ ಅರ್ಥ ಬರೆದು ಕೊಟ್ಟ ಮೇಲೆ ರಿಪೋರ್ಟ್ ತಿದ್ದಿದರು. ನೀವು ಈಗಿನಿಂದಲೇ ಅಂಥ ವಿಡಿಯೊ ತೆಗೆದಿಟ್ಟುಕೊಳ್ಳಿ.

ಪರೀಕ್ಷೆಯ ವರದಿಗಳು, ಅವುಗಳನ್ನು ಚರ್ಚಿಸುವ ಮುಂದಿನ ಸಭೆಗೆ ಕನಿಷ್ಠ 10 ದಿನ ಮುಂಚೆ ನಿಮ್ಮ ಕೈಗೆ ಬರಬೇಕು. ಬಾರದಿದ್ದರೆ ಕೇಳಿ. ಅಷ್ಟೊಂದು ಪುಟಗಳನ್ನು ಸಭೆಯಲ್ಲಿ ಮೊದಲ ಸಲ ನೋಡಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಆ ದಿನ ಆಫೀಸಿಗೆ ರಜೆ ಹಾಕಲು ನಿಮ್ಮ ಯಜಮಾನರಿಗೆ ಈಗಲೇ ಹೇಳಿ. ಇಂಗ್ಲಿಷ್ ಬರುತ್ತದೆ ಅಂದುಕೊಂಡರೂ ಆ ಕೋಣೆಯ ಇಂಗ್ಲಿಷ್ ಬೇರೆ. ಬೇಕಾದರೆ ದುಭಾಷಿಯನ್ನು ಕೇಳಿ, ಖರ್ಚು ಡಿಸ್ಟ್ರಿಕ್ಟ್‌ನದು.

ಅಲ್ಲಿ ತಯಾರಾಗುವುದೇ ಐಇಪಿ. ನಿಮ್ಮ ಮಗನೊಬ್ಬನಿಗಾಗಿ ಬರೆದ ಶಿಕ್ಷಣ ಯೋಜನೆ. ಅದರಲ್ಲಿ ಗುರಿಗಳು ಅಂತ ಒಂದು ಭಾಗ ಇರುತ್ತದೆ. ನಾನು ಮೊದಲು ಓದುವುದೇ ಅದನ್ನು. "ಸಂವಹನ ಸುಧಾರಿಸುತ್ತಾನೆ" ಅಂತ ಬರೆದಿದ್ದರೆ ಒಪ್ಪಬೇಡಿ. ಅದನ್ನು ಅಳೆಯುವುದು ಹೇಗೆ? "ತಿಂಡಿಯ ಹೊತ್ತಿನಲ್ಲಿ, ಯಾರೂ ನೆನಪಿಸದೆ, ಬೇಕಾದ ಪದಾರ್ಥವನ್ನು ಬಾಯಲ್ಲಿ ಹೇಳಿ ಅಥವಾ ಚಿತ್ರ ತೋರಿಸಿ, 5 ಸಲಕ್ಕೆ 4 ಸಲ ಕೇಳುತ್ತಾನೆ" ಅಂತ ಇದ್ದರೆ ಅದು ಗುರಿ. ಆಯಿತೋ ಇಲ್ಲವೋ ಅಂತ ನೀವೂ ನೋಡಬಹುದು, ಟೀಚರೂ ನೋಡಬಹುದು. ಸ್ಪೀಚ್ ಥೆರಪಿ ವಾರಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ನಿಮಿಷ, ಒಬ್ಬನಿಗೇನಾ ಗುಂಪಿನಲ್ಲಾ, ಎಲ್ಲವೂ ಅಕ್ಷರದಲ್ಲಿ ಇರಬೇಕು. ಅಲ್ಲೇ ಸಹಿ ಹಾಕಬೇಕಾಗಿಲ್ಲ. ಮನೆಗೆ ತಂದು ಓದುತ್ತೇನೆ ಅನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನೀವು ಕೇಳಿದ್ದಕ್ಕೆ ಇಲ್ಲ ಅಂದರೆ, ಯಾಕೆ ಇಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಅದು ನಿಮ್ಮ ಹಕ್ಕು. ಹೆಸರಿಗೊಂದು ಸ್ವಲ್ಪ ಪ್ರಗತಿ ಆದರೆ ಸಾಲದು, ಆ ಮಗುವಿನ ಸ್ಥಿತಿಗೆ ತಕ್ಕ ಪ್ರಗತಿ ಆಗುವಂಥ ಯೋಜನೆ ಇರಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಒಮ್ಮತದಿಂದ ಹೇಳಿದೆ. ನ್ಯೂಜೆರ್ಸಿಯಲ್ಲಿ ವಿಚಾರಣೆಯವರೆಗೂ ಹೋದರೆ, ತಾನು ಕೊಟ್ಟಿದ್ದು ಸರಿಯಿದೆ ಅಂತ ಸಾಬೀತು ಮಾಡಬೇಕಾದದ್ದು ಡಿಸ್ಟ್ರಿಕ್ಟ್. ಆದರೆ ಅಲ್ಲಿವರೆಗೆ ಹೋಗುವವರು ಕಡಿಮೆ. ಬಹಳಷ್ಟು ಜಗಳ ಹುಟ್ಟುವುದೇ ಯಾರೂ ಸರಿಯಾಗಿ ಹೇಳದೆ ಇರುವುದರಿಂದ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮಗನಿಗೆ ಇನ್ನೂ ಹೆಚ್ಚು ಮಾತು ಬರುವುದಿಲ್ಲ. ಬೇರೆ ಮಕ್ಕಳು ಮನೆಗೆ ಬಂದು ಇವತ್ತು ಹೀಗಾಯ್ತು ಅಂತ ಹೇಳುತ್ತಾರೆ. ನಮ್ಮ ಮಕ್ಕಳ ದಿನ ಹೇಗೆ ಹೋಯಿತು ಅನ್ನುವುದು ಬ್ಯಾಗಿನಲ್ಲಿ ಬರುವ ಒಂದು ಪುಸ್ತಕದಿಂದಲೇ ಗೊತ್ತಾಗಬೇಕು. ನನ್ನ ಮಗ ಚಿಕ್ಕವನಿದ್ದಾಗ ಆ ಪುಸ್ತಕದಲ್ಲಿ ದಿನಾ ಒಂದು ನಗುಮುಖದ ಸ್ಟಿಕರ್, ಪಕ್ಕದಲ್ಲಿ "ಗ್ರೇಟ್ ಡೇ!" ಅಷ್ಟೇ. ಡಬ್ಬಿಯ ಚಪಾತಿ ಹಾಗೇ ವಾಪಸ್ ಬರುತ್ತಿತ್ತು. ಪ್ಯಾಂಟು ಬದಲಾಗಿರುತ್ತಿತ್ತು. ಪುಸ್ತಕದಲ್ಲಿ ಮಾತ್ರ ಗ್ರೇಟ್ ಡೇ. ಒಂದು ವರ್ಷ ಸ್ಪೀಚ್ ಥೆರಪಿಸ್ಟ್ ನಡುವೆ ಕೆಲಸ ಬಿಟ್ಟು ಹೋದರು. ಬದಲಿಗೆ ಯಾರೂ ಬಂದಿರಲಿಲ್ಲ. ಡಿಸ್ಟ್ರಿಕ್ಟ್‌ನಿಂದ ನಮಗೆ ಒಂದು ಸಾಲೂ ಬರಲಿಲ್ಲ. ಪಾರ್ಕಿನಲ್ಲಿ ಇನ್ನೊಬ್ಬ ತಾಯಿ ಮಾತಾಡುವಾಗಲೇ ವಿಷಯ ಗೊತ್ತಾದದ್ದು. ಅವರ ಮಗಳಿಗೂ ಅಷ್ಟು ದಿನ ಥೆರಪಿ ಆಗಿರಲಿಲ್ಲ.

ಆಗ ನಾವು ಕೆಲವರು ಸೆಪ್ಯಾಗ್‌ಗೆ ಹೋದೆವು. ಸ್ಪೆಷಲ್ ಎಜುಕೇಶನ್ ಮಕ್ಕಳ ಪೋಷಕರ ಸಲಹಾ ಗುಂಪು ಅದು. ಈ ರಾಜ್ಯದ ನಿಯಮದ ಪ್ರಕಾರ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇರಲೇಬೇಕು. ನಮ್ಮಲ್ಲಿ ಹೆಸರಿಗೆ ಮಾತ್ರ ಇತ್ತು, ಸಭೆಗೆ ನಾಲ್ಕು ಜನ ಬಂದರೆ ಹೆಚ್ಚು. ನಮ್ಮ ದೇಶದವರಂತೂ ಒಬ್ಬರೂ ಇರಲಿಲ್ಲ. ಚೀನಾದ ತಂದೆ, ಪೋರ್ಟೊ ರಿಕೊದ ಅಜ್ಜಿ, ಗುಜರಾತಿ ದಂಪತಿ, ನಾನು, ಹೀಗೆ ಸೇರಿ ಮೊದಲು ಮಾಡಿದ್ದು ದೂರು ಅಲ್ಲ, ಒಂದು ಹಾಳೆ. ಟೀಚರ್‌ಗೆ ತುಂಬಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು ಅಂತ ಯೋಚಿಸಿ ಮಾಡಿದ್ದೆವು. ಎಷ್ಟು ತಿಂದ, ಟಾಯ್ಲೆಟ್, ಇವತ್ತು ಯಾವ ಥೆರಪಿ ಆಯಿತು, ಆಗದಿದ್ದರೆ ಯಾಕೆ, ತಾನಾಗಿ ಏನನ್ನು ಕೇಳಿದ, ಯಾವುದಕ್ಕೆ ಅತ್ತ. ಟಿಕ್ ಹಾಕಿದರೆ ಮುಗಿಯಿತು. ಕೆಳಗೆ ಎರಡು ಸಾಲು ಖಾಲಿ, ಮನೆಯಿಂದ ನಾವು ಬರೆಯಲು: ರಾತ್ರಿ ನಿದ್ದೆ ಮಾಡಿಲ್ಲ, ಅಜ್ಜಿ ಊರಿಗೆ ಹೋದರು ಅಂತ. ಅದನ್ನು ತೆಗೆದುಕೊಂಡು ಡೈರೆಕ್ಟರ್ ಹತ್ತಿರ ಹೋದೆವು. ಆಮೇಲೆ ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯಾದ ಬೋರ್ಡ್ ಆಫ್ ಎಜುಕೇಶನ್ ಸಭೆಯಲ್ಲಿ, ಸಾರ್ವಜನಿಕರಿಗೆ ಕೊಡುವ ಕೆಲವು ನಿಮಿಷಗಳಲ್ಲಿ, ಒಬ್ಬೊಬ್ಬರೂ ಒಂದೊಂದೇ ವಿಷಯ ಹೇಳಿದೆವು. ಯಾರ ಮೇಲೂ ಕೂಗಾಡಲಿಲ್ಲ.

ಬೇಗ ಏನೂ ಆಗಲಿಲ್ಲ. ಆದರೆ ಮುಂದಿನ ವರ್ಷ ಪ್ರೀಸ್ಕೂಲ್ ತರಗತಿಗಳಿಗೆಲ್ಲ ಆ ಹಾಳೆ ಬಂತು. ಥೆರಪಿಸ್ಟ್ ಇಲ್ಲದಿದ್ದರೆ ಮನೆಗೆ ಪತ್ರ ಬರಬೇಕು, ತಪ್ಪಿದ ಥೆರಪಿಯನ್ನು ಯಾವಾಗ ತುಂಬಿಕೊಡುತ್ತಾರೆ ಅಂತ ಅದರಲ್ಲೇ ಇರಬೇಕು ಅನ್ನುವುದನ್ನೂ ಒಪ್ಪಿದರು. ಮಗುವಿನ ಐಇಪಿ ನೋಡಿಕೊಳ್ಳುವ ಕೇಸ್ ಮ್ಯಾನೇಜರ್ ಯಾರು, ಅವರು ರಜೆಯಲ್ಲಿದ್ದರೆ ಯಾರನ್ನು ಕೇಳಬೇಕು ಅನ್ನುವ ಒಂದು ಪುಟ ವರ್ಷದ ಶುರುವಿನಲ್ಲೇ ಕೈಗೆ ಬರುತ್ತದೆ. ನೋಡಲು ಚಿಕ್ಕ ವಿಷಯಗಳು. ಮಾತು ಬಾರದ ಮಗುವಿನ ಮನೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಟೀಚರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಎದುರಾಳಿಗಳಲ್ಲ. ಸ್ಪೆಷಲ್ ಎಜುಕೇಶನ್‌ನ ಹೆಚ್ಚುವರಿ ಖರ್ಚಿನಲ್ಲಿ ಶೇಕಡಾ 40ರವರೆಗೆ ತಾನು ಕೊಡುತ್ತೇನೆ ಅಂತ ಅಮೆರಿಕದ ಕೇಂದ್ರ ಸರ್ಕಾರ 1975ರಲ್ಲಿ ಹೇಳಿತ್ತು. ಇವತ್ತಿನವರೆಗೂ ಅಷ್ಟನ್ನು ಕೊಟ್ಟಿಲ್ಲ. ಉಳಿದದ್ದನ್ನು ರಾಜ್ಯ ಮತ್ತು ಊರು ಹೊರಬೇಕು. ತರಗತಿಯಲ್ಲಿ ನಿಮ್ಮ ಮಗನ ಕೈ ಹಿಡಿದುಕೊಂಡು ಓಡಾಡುವ ಸಹಾಯಕರಿಗೆ ಸಂಬಳ ಬಹಳ ಕಡಿಮೆ, ಅದಕ್ಕೇ ಅವರು ನಿಲ್ಲುವುದಿಲ್ಲ. ಈ ಸಿಟ್ಟನ್ನು ಟೀಚರ್ ಮೇಲೆ ತೀರಿಸಿಕೊಂಡರೆ ಏನು ಬಂತು? ಬಜೆಟ್ ತೀರ್ಮಾನ ಆಗುವುದು ಬೋರ್ಡ್ ಸಭೆಯಲ್ಲಿ. ಓಟಿನ ಹಕ್ಕು ಇಲ್ಲದಿದ್ದರೂ ಅಲ್ಲಿ ನಿಂತು ಮಾತಾಡಬಹುದು. ಒಳ್ಳೆಯದು ನಡೆದಾಗಲೂ ಬರೆದು ತಿಳಿಸಿ. ನನ್ನ ಮಗನಿಗೆ ಶೂ ಲೇಸ್ ಕಟ್ಟಲು ಕಲಿಸಿದ ಸಹಾಯಕಿಯ ಬಗ್ಗೆ ಪ್ರಿನ್ಸಿಪಾಲರಿಗೆ ಬರೆದಿದ್ದೆ. ಆಕೆ ಅದರ ಪ್ರತಿಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದರಂತೆ.

ಮನೆಯಲ್ಲಿ ಇನ್ನು ಮೇಲೆ ಇಂಗ್ಲಿಷ್ ಮಾತ್ರ ಆಡಿ ಅಂತ ಯಾರೋ ಹೇಳಿದರು ಅಂದಿರಿ. ಈ ಮಾತನ್ನು ನನಗೂ ಹೇಳಿದ್ದರು. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಇನ್ನೂ ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹಾಡು ಹೇಳುವುದು ನಿಲ್ಲಬಾರದು. ಕನ್ನಡ ಬಿಡಬೇಡಿ.

ನಿಮ್ಮ ಯಜಮಾನರ ಪ್ರಾಜೆಕ್ಟ್ ಬದಲಾಗಿ ಬೇರೆ ಊರಿಗೆ ಹೋಗಬೇಕಾಗಬಹುದು, ನಮ್ಮವರಲ್ಲಿ ಇದು ಜಾಸ್ತಿ ಅಲ್ವಾ. ಹೋಗುವ ಮುಂಚೆ ಐಇಪಿ ಮತ್ತು ಎಲ್ಲ ವರದಿಗಳ ಪ್ರತಿ ಕೈಯಲ್ಲಿರಲಿ. ಹೊಸ ಡಿಸ್ಟ್ರಿಕ್ಟ್ ಮೊದಲ ದಿನದಿಂದಲೇ ಅದಕ್ಕೆ ಸಮನಾದ ಸೇವೆ ಕೊಡಬೇಕು. ರಾಜ್ಯ ಬದಲಾದರೂ ಅಷ್ಟೇ, ಹೊಸದಾಗಿ ಪರೀಕ್ಷೆ ಮಾಡುವುದಿದ್ದರೆ ಅದು ಮುಗಿಯುವವರೆಗೆ.

ಸ್ಪ್ಯಾನ್ ಅಂತ ಒಂದು ಪೋಷಕರ ಸಂಸ್ಥೆ ಇದೆ. ಇಡೀ ನ್ಯೂಜೆರ್ಸಿಯ ಪೋಷಕರಿಗೆ ಉಚಿತವಾಗಿ ಸಲಹೆ ಕೊಡುತ್ತಾರೆ. ಫೋನ್ ಮಾಡಿ, ಸಂಕೋಚ ಬೇಡ. ಪತ್ರವನ್ನು ಈ ವಾರವೇ ಬರೆಯಿರಿ. ಕಳಿಸುವ ಮುಂಚೆ ಕರಡನ್ನು ನನಗೆ ಹಾಕಿ, ಅದೇ ದಿನ ನೋಡಿ ಹೇಳುತ್ತೇನೆ. ಮೊದಲ ಸಭೆಗೆ ನೀವು ಬಯಸಿದವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಹತ್ತಿರದ ಊರೇ ಆದರೆ ನಾನೂ ಬರುತ್ತೇನೆ.