ಬೋರ್ ನೀರಲ್ಲಿ ತೊಳೆದ ಕಾರಿಗೆ ಬಿಳಿ ಚುಕ್ಕೆ ಬೀಳುತ್ತವೆ, ಆರ್‌ಓ ನೀರಲ್ಲಿ ತೊಳೆದರೆ ಹೋಗುತ್ತವಾ?

ಗದಗಿನಲ್ಲಿ ಮನೆ, ಎರಡು ತಿಂಗಳ ಹಿಂದೆ ತಗೊಂಡ ಕಪ್ಪು ಕಾರು. ಬೋರ್ ನೀರಲ್ಲಿ ಎಷ್ಟು ತೊಳೆದರೂ ಒಣಗಿದ ಮೇಲೆ ಮೈತುಂಬ ಬಿಳಿ ಚುಕ್ಕೆ. ಕುಡಿಯುವ ಆರ್‌ಓ ನೀರಲ್ಲೇ ಪೂರ್ತಿ ಕಾರು ತೊಳೆಯಲಾ ಅಂತ ಕೇಳಿದ್ದೀರಿ.

ಪೂರ್ತಿ ಬೇಡ. ಬೋರ್ ನೀರಲ್ಲೇ ತೊಳೆಯಿರಿ. ಕೊನೆಗೊಮ್ಮೆ ಮೈಮೇಲೆ ಸುರಿಯುವ ಹತ್ತು ಲೀಟರ್ ಮಾತ್ರ ಶುದ್ಧ ನೀರಾಗಿರಲಿ. ಚುಕ್ಕೆ ಬೀಳುವುದು ಕಾರಿನ ಮೇಲೆ ಉಳಿದು ಒಣಗಿದ ನೀರಿನಿಂದ. ಅದಕ್ಕೂ ಮುಂಚೆ ಸುರಿದ ನೀರು ಹರಿದು ನೆಲ ಸೇರಿರುತ್ತದೆ, ಅದು ಎಷ್ಟು ಸವಳಾಗಿದ್ದರೂ ಪರವಾಗಿಲ್ಲ.

ನಾನಿರುವುದು ಹುಬ್ಬಳ್ಳಿಯ ನವನಗರದಲ್ಲಿ. ನನ್ನದು ಕಡು ನೀಲಿ ಬಣ್ಣದ ಕಾರು. ನಮ್ಮ ಓಣಿಗೆ ನಳದ ನೀರು ಬರುವುದು ದಿನ ಬಿಟ್ಟು ದಿನ ಅಲ್ಲ, ವಾರ ಬಿಟ್ಟು ವಾರ ಅನ್ನಬೇಕು. ಹಾಗೆ ಬಂದ ಮಲಪ್ರಭೆಯ ನೀರನ್ನು ಕಾರಿಗೆ ಸುರಿಯಲು ಮನಸ್ಸು ಬರುವುದಿಲ್ಲ. ಹಾಗಾಗಿ ನಾನೂ ಬೋರ್ ನೀರಿನವನೇ. ಮೊದಲ ವರ್ಷ ನಿಮ್ಮ ಹಾಗೇ ಒದ್ದಾಡಿದೆ. ಶಾಂಪೂ ಬದಲಿಸಿದೆ, ಬಟ್ಟೆ ಬದಲಿಸಿದೆ, ಮೇಣ ಹಚ್ಚಿದೆ. ನೀರಿನ ಕಡೆ ಮಾತ್ರ ನೋಡಿರಲಿಲ್ಲ.

ಆ ಬಿಳಿ ಪುಡಿ ಏನು ಅಂತ ನಿಮ್ಮ ಮನೆಯವರಿಗೆ ಮೊದಲೇ ಗೊತ್ತಿರುತ್ತದೆ. ಬೋರ್ ನೀರಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಸೋಪಿಗೆ ನೊರೆ ಬರುವುದಿಲ್ಲ. ನೀರು ಕಾಯಿಸುವ ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಅದೇ ಸುಣ್ಣ ಕಾರಿನ ಬಾನೆಟ್ ಮೇಲೂ ಕೂರುತ್ತದೆ. ನೆಲದೊಳಗೆ ಇಳಿಯುವಾಗ ನೀರು ಕಲ್ಲು ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಕರಗಿರುವ ತನಕ ಕಣ್ಣಿಗೆ ಕಾಣುವುದಿಲ್ಲ. ನೀರು ಆವಿಯಾದ ಮೇಲೆ ಅವು ಮಾತ್ರ ಉಳಿಯುತ್ತವೆ. ಹನಿಯ ಅಂಚು ಮೊದಲು ಒಣಗುತ್ತದೆ. ನಡುವಿನ ನೀರು ಅಂಚಿನ ಕಡೆ ಹರಿಯುತ್ತಾ ತನ್ನಲ್ಲಿರುವುದನ್ನೂ ಅಲ್ಲಿಗೇ ಒಯ್ಯುತ್ತದೆ. ಚುಕ್ಕೆ ಉಂಗುರದ ಹಾಗೆ ಕಾಣುವುದು ಅದಕ್ಕೇ.

ಇದನ್ನು ಅಳೆಯಲು ಪೆನ್ನಿನಂಥ ಟಿಡಿಎಸ್ ಮೀಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ ಅಷ್ಟೆ. ಬೇರೆ ಏನೂ ಕೊಳ್ಳದಿದ್ದರೂ ಇದೊಂದು ಕೊಳ್ಳಿ. ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ನೋಡಿ, ಅದರಿಂದ ಕರಗಿದ ಲವಣ ಎಷ್ಟಿದೆ ಎಂದು ಅಂದಾಜು ಹೇಳುತ್ತದೆ. ಯಾವ ಲವಣ ಎಂದು ಹೇಳುವುದಿಲ್ಲ. ನನ್ನ ಬೋರ್ 1140 ತೋರಿಸಿತು. ನಳದ ನೀರು 190. ಆರ್‌ಓ ನಲ್ಲಿಯಿಂದ ಬಂದದ್ದು 85.

ಈ ಅಂಕಿಯ ಅರ್ಥ ಹೀಗೆ. ಮೀಟರ್ ತೋರಿಸುವುದು ಪಿಪಿಎಂ, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂದು. 1000 ಅಂದರೆ ಲೀಟರಿಗೆ ಒಂದು ಗ್ರಾಂ. ತೊಳೆದ ಕಾರಿನ ಮೇಲೆ ಅರ್ಧ ಲೀಟರ್ ನೀರು ಹನಿಹನಿಯಾಗಿ ನಿಂತಿತು ಅಂದುಕೊಳ್ಳಿ. ನನ್ನ ಬೋರ್ ನೀರಾದರೆ ಅರ್ಧ ಗ್ರಾಮಿಗಿಂತ ಜಾಸ್ತಿ ಪುಡಿ ಕಾರಿಗೆ ಅಂಟುತ್ತದೆ. ಅದೇ ಅರ್ಧ ಲೀಟರ್ 10 ಪಿಪಿಎಂ ನೀರಾದರೆ 5 ಮಿಲಿಗ್ರಾಂ. ನೂರು ಪಟ್ಟು ಕಡಿಮೆ! ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಟಿಡಿಎಸ್ 500ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ ಎಂದಿದೆ. ಅಂದರೆ ಕುಡಿಯಲು ನಡೆಯುವ ನೀರು ಕಪ್ಪು ಕಾರಿಗೆ ನಡೆಯಬೇಕು ಅಂತೇನಿಲ್ಲ.

ಈಗ ನಿಮ್ಮ ಆರ್‌ಓ ವಿಷಯ. ಅದರೊಳಗೆ ಲವಣ ತಡೆಯುವ ಪೊರೆ, ಅಂದರೆ ಮೆಂಬ್ರೇನ್, ಚೆನ್ನಾಗಿದ್ದರೆ ನೂರಕ್ಕೆ 90ರಿಂದ 95 ಪಾಲು ಲವಣ ತೆಗೆಯುತ್ತದೆ. ಆದರೆ ಮನೆಯ ಯಂತ್ರಗಳಲ್ಲಿ ನೀರಿಗೆ ರುಚಿ ಇರಲಿ ಅಂತ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ಒಂದು ಸಣ್ಣ ತಿರುಪು ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನನಗೆ 85 ಬಂದದ್ದು ಅದರಿಂದಲೇ. ಸರ್ವಿಸಿಗೆ ಬಂದ ಹುಡುಗ ಮೆಂಬ್ರೇನಿನಿಂದ ನೇರವಾಗಿ ಹಿಡಿದು ತೋರಿಸಿದಾಗ 60 ಇತ್ತು. ನೀವು ಆ ತಿರುಪು ಮುಟ್ಟಬೇಡಿ, ಕುಡಿಯುವ ನೀರು ಅದು. ಮುಂಡರಗಿ ಕಡೆಯ ಬೋರ್‌ಗಳಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೂ ಗೊತ್ತಲ್ವಾ? ನಮ್ಮ ಸೀಮೆಯಲ್ಲಿ ಆರ್‌ಓ ಇಟ್ಟಿರುವುದು ಬಾಯಿಗೆ, ಕಾರಿಗಲ್ಲ. ಅದನ್ನು ಅದರ ಪಾಡಿಗೆ ಬಿಡಿ. 85ರ ನೀರೂ ಕೊನೆಯ ಸಲಕ್ಕೆ ಸಾಕಷ್ಟು ಒಳ್ಳೆಯದು, ಆದರೆ ಬಟ್ಟೆಯಿಂದ ಒರೆಸಬೇಕು. ಸುಮ್ನೆ ಬಿಟ್ಟು ಒಣಗಿಸಿದರೆ ಕಪ್ಪು ಬಣ್ಣದ ಮೇಲೆ ತೆಳುವಾದ ಗುರುತು ಕಾಣುತ್ತದೆ. ಒರೆಸದೆಯೇ ಬಿಡಬೇಕು ಅಂದರೆ 10ಕ್ಕಿಂತ ಕೆಳಗೆ ಇರಬೇಕು.

ಆರ್‌ಓದಿಂದ ಹೊರಗೆ ಹೋಗುವ ವೇಸ್ಟ್ ನೀರಲ್ಲಿ ಕಾರು ತೊಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನೀರು ಉಳಿಸುವ ಮಾತು, ಒಳ್ಳೆಯದೇ. ಆದರೆ ಮೆಂಬ್ರೇನ್ ತಡೆದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ, ನಿಮ್ಮ ಬೋರ್ ನೀರಿಗಿಂತಲೂ ಗಡಸು. ಅದನ್ನು ಟೈರ್, ಮಡ್‌ಗಾರ್ಡ್ ಒಳಗಿನ ಕೆಸರು, ಕಾಲೊರೆಸುವ ಮ್ಯಾಟಿಗೆ ಬಳಸಿ. ಕಾರಿನ ಮೈಗೆ ಬೇಡ, ನಡುವೆ ಎಲ್ಲಾದರೂ ಒಣಗಿದರೆ ಬೋರ್ ನೀರಿಗಿಂತ ಜಾಸ್ತಿ ಚುಕ್ಕೆ ಬಿಡುತ್ತದೆ.

ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿದರೆ ಆಗಲ್ವಾ ಅಂತ ಅನ್ನಿಸಬಹುದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಮೀಟರಿನ ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಚುಕ್ಕೆಯೂ ಬೀಳುತ್ತದೆ. ಆದರೆ ಆ ಚುಕ್ಕೆ ಒದ್ದೆ ಬಟ್ಟೆಗೆ ಹೋಗಿಬಿಡುತ್ತದೆ, ಸುಣ್ಣದ ಹಾಗೆ ಕಚ್ಚಿಕೊಳ್ಳುವುದಿಲ್ಲ. ಮನೆಗಾಗಿ ಮೊದಲೇ ಹಾಕಿಸಿದ್ದರೆ ಲಾಭ, ಕಾರಿಗೋಸ್ಕರ ಅಷ್ಟು ಖರ್ಚು ಬೇಡ.

ನನಗೆ ತುಂಬಾ ಇಷ್ಟವಾದ ನೀರು ಬೇರೆ, ಅದಕ್ಕೆ ದುಡ್ಡೂ ಇಲ್ಲ. ಮಳೆ ನೀರು. ಜೂನ್‌ನಲ್ಲಿ ಒಂದು ಸಂಜೆ ಜೋರು ಮಳೆ ಬಂದಾಗ ಹಿತ್ತಲಿನ ತಗಡಿನ ಶೆಡ್ಡಿನಿಂದ ಇಳಿಯುವ ನೀರಿಗೆ ಮೀಟರ್ ಹಿಡಿದೆ. 15! ನಂಬಿಕೆ ಬಾರದೆ ಮೂರು ಸಲ ನೋಡಿದೆ. ಮೊದಲ ಅರ್ಧ ಗಂಟೆಯ ಮಳೆ ತಗಡಿನ ಧೂಳು ತೊಳೆದುಕೊಂಡು ಹೋಗಲಿ, ಆಮೇಲೆ ಹಿಡಿಯಿರಿ. ಎರಡು ಪದರ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಇರುವ ಕ್ಯಾನಿನಲ್ಲಿ ಇಡಿ. ಸಿಮೆಂಟಿನ ಮಾಳಿಗೆಯ ನೀರು ಅಷ್ಟು ಒಳ್ಳೆಯದಲ್ಲ, ಸಿಮೆಂಟಿನಿಂದಲೇ ಸುಣ್ಣ ಬಿಡುತ್ತದೆ. ಮಳೆ ನೀರು ಇಷ್ಟು ಶುದ್ಧ ಇದ್ದರೆ ಮಳೆಯಲ್ಲಿ ನೆನೆದ ಕಾರಿಗೆ ಯಾಕೆ ಕಲೆ ಬೀಳುತ್ತದೆ ಅಂತ ನನ್ನ ತಮ್ಮ ಕೇಳಿದ. ಕಾರಿನ ಮೇಲೆ ಮೊದಲೇ ಕೂತಿದ್ದ ಧೂಳು ಹನಿಯಲ್ಲಿ ಕಲೆತು ಒಣಗುತ್ತದೆ, ಅದು ಧೂಳಿನ ಕಲೆ. ತೊಳೆದ ಕಾರಿನ ಮೇಲೆ ಅದೇ ಮಳೆ ನೀರು ಸುರಿದು ನೋಡಿ, ಅಂಥ ಕಲೆ ಬೀಳುವುದಿಲ್ಲ.

ಮಳೆ ಇಲ್ಲದ ತಿಂಗಳಲ್ಲಿ ಎಸಿ ನೀರು. ಗಾಳಿಯ ತೇವ ತಣ್ಣಗಾಗಿ ಇಳಿದ ನೀರು ಅದು, ನಮ್ಮನೆಯದು 20ರ ಹತ್ತಿರ ಬಂತು. ಪೈಪಿನ ಕೆಳಗೆ ಬಕೆಟ್ ಇಟ್ಟರೆ ಸಾಕು. ಮಾರ್ಚ್‌ನ ಒಣ ಹವೆಯಲ್ಲಿ ತೀರಾ ಕಡಿಮೆ ಬರುತ್ತದೆ. ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಸೆಕೆ ಆದಾಗ ಒಂದು ರಾತ್ರಿಗೆ ಅರ್ಧ ಬಕೆಟ್ ಸಿಗುತ್ತದೆ. ಇದನ್ನೂ ಸೋಸಿ ಬಳಸಿ. ಕುಡಿಯಬಾರದು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇವೆರಡೂ ಇಲ್ಲದಿದ್ದರೆ ಕ್ಯಾನ್ ನೀರು, ಮೀಟರಿನಲ್ಲಿ ನೋಡಿ ತಗೊಳ್ಳಿ, ಘಟಕದಿಂದ ಘಟಕಕ್ಕೆ ಬೇರೆ ಬೇರೆ ಇರುತ್ತದೆ. ಬ್ಯಾಟರಿ ನೀರು ಎಲ್ಲಕ್ಕಿಂತ ಶುದ್ಧ, ಆದರೆ ಪ್ರತಿ ವಾರ ತರುವಷ್ಟು ಅಗ್ಗ ಅಲ್ಲ.

ತೊಳೆಯುವ ರೀತಿಗೂ ಅಷ್ಟೇ ಬೆಲೆ ಇದೆ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ, ಇಲ್ಲವೇ ಸಂಜೆ, ನೆರಳಲ್ಲಿ ತೊಳೆಯಿರಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಅನ್ನಿಸಿದರೆ ಕಾಯಿರಿ. ಬಿಸಿ ತಗಡಿನ ಮೇಲೆ ನೀರು ನಿಮ್ಮ ಕೈ ಮುಟ್ಟುವ ಮುಂಚೆಯೇ ಒಣಗುತ್ತದೆ. ನಿಮ್ಮ ಕಡೆ ಎರಿ ಮಣ್ಣಿನ ಧೂಳು, ಅದನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಡಿ, ಗೆರೆ ಬೀಳುತ್ತವೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಶಾಂಪೂ. ಮೇಲಿನಿಂದ ಕೆಳಗೆ, ಒಂದೊಂದೇ ಬಾಗಿಲು. ತಿಕ್ಕಿದ ಭಾಗಕ್ಕೆ ತಕ್ಷಣ ಬೋರ್ ನೀರು ಹಾಕಿ, ಉಳಿದ ಭಾಗ ಮುಗಿಯುವ ತನಕ ಅದನ್ನು ಒದ್ದೆಯಾಗಿಯೇ ಇಡಿ. ನಡುವೆ ಫೋನ್ ಬಂದರೆ ಎತ್ತಬೇಡಿ.

ಕೊನೆಯ ಹತ್ತು ಲೀಟರಿಗೆ ನಾನು ಗಿಡಕ್ಕೆ ನೀರು ಹಾಕುವ ಝಾರಿ ಬಳಸುತ್ತೇನೆ, ಮುಂದಿನ ತೂತಿನ ಮುಚ್ಚಳ ತೆಗೆದು. ಹಾಗೆ ಮಾಡಿದರೆ ನೀರು ಹನಿಯಾಗಿ ಬೀಳದೆ ಹಾಳೆಯ ಹಾಗೆ ಜಾರುತ್ತದೆ, ಹಳೆಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕಾರಿನ ಛಾವಣಿಯಿಂದ ಶುರು ಮಾಡಿ, ಗ್ಲಾಸು, ಬಾನೆಟ್, ಕೊನೆಗೆ ಬದಿಗಳು. ಕನ್ನಡಿಯ ಸಂದು, ಬಾಗಿಲ ಹಿಡಿಕೆ, ನಂಬರ್ ಪ್ಲೇಟಿನ ಹಿಂದೆ ಬೋರ್ ನೀರು ಅಡಗಿ ಕೂತಿರುತ್ತದೆ. ಅಲ್ಲಿಗೆ ಸ್ವಲ್ಪ ಜಾಸ್ತಿ ಹಾಕಿ, ಇಲ್ಲದಿದ್ದರೆ ಗಾಡಿ ಹೊರಟ ಕೂಡಲೇ ಅದು ಇಳಿದು ಗೆರೆ ಬಿಡುತ್ತದೆ. ಆಮೇಲೆ ಮೈಕ್ರೋಫೈಬರ್ ಟವೆಲ್ ಹಾಸಿ ಒತ್ತಿ ಎತ್ತಿ, ಉಜ್ಜಬೇಡಿ.

ಈಗಾಗಲೇ ಕೂತಿರುವ ಚುಕ್ಕೆಗಳಿಗೆ ಬಿಳಿ ವಿನೆಗರ್. ಒಂದು ಪಾಲು ವಿನೆಗರಿಗೆ ಒಂದು ಪಾಲು ಶುದ್ಧ ನೀರು, ತಣ್ಣಗಿರುವ ಬಾಡಿಯ ಮೇಲೆ, ನೆರಳಲ್ಲಿ. ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು, ಮೆಲ್ಲಗೆ ಒರೆಸಿ, ಚೆನ್ನಾಗಿ ನೀರು ಹಾಕಿ. ಸುಣ್ಣ ಹುಳಿಗೆ ಕರಗುತ್ತದೆ. ಅದು ಮೇಣವನ್ನೂ ಸ್ವಲ್ಪ ಸವೆಸುತ್ತದೆ, ಆಮೇಲೆ ಮತ್ತೆ ಹಚ್ಚಿ. ಎರಡು ತಿಂಗಳ ಕಾರು ಅಂದಿರಿ, ಬಹುತೇಕ ಹೋಗುತ್ತವೆ. ಬಿಸಿಲಲ್ಲಿ ವಾರಗಟ್ಟಲೆ ಬೆಂದ ಚುಕ್ಕೆ ಮಾತ್ರ ಬಣ್ಣದ ಮೇಲಿನ ತೆಳುವಾದ ಹೊಳಪಿನ ಪದರದಲ್ಲಿ ಕುಳಿ ಮಾಡಿರುತ್ತದೆ. ಉಗುರಿನಿಂದ ಸವರಿದರೆ ಕೈಗೆ ತಗ್ಗು ಸಿಗುತ್ತದೆ. ಅದಕ್ಕೆ ಪಾಲಿಶ್ ಬೇಕು. ಆ ಪದರ ಇರುವುದೇ 40-50 ಮೈಕ್ರಾನ್, ಪ್ರತಿ ಪಾಲಿಶ್‌ಗೂ ಅದು ಸವೆಯುತ್ತದೆ. ಅದಕ್ಕೇ ಚುಕ್ಕೆ ಬೀಳದಂತೆ ನೋಡಿಕೊಳ್ಳುವುದರ ಬಗ್ಗೆ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಗ್ಲಾಸಿನ ಮೇಲಿನ ಕೆಲವು ಕಲೆ ವಿನೆಗರಿಗೂ ಹೋಗುವುದಿಲ್ಲ. ನೀರಲ್ಲಿದ್ದ ಸಿಲಿಕಾ ಅದು, ಹುಳಿಗೆ ಕರಗದು. ಗಾಜಿಗೆಂದೇ ಇರುವ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕು. ಇಲ್ಲಿ ಒಂದು ಎಚ್ಚರಿಕೆ. ಒಂದು ವಾಟರ್ ಸರ್ವಿಸಿಂಗ್‌ನಲ್ಲಿ ನನ್ನ ಕಾರಿನ ಗ್ಲಾಸಿಗೆ ಸಂಡಾಸು ತೊಳೆಯುವ ಆ್ಯಸಿಡ್ ಹಚ್ಚಿದ್ದರು. ಕಲೆ ಸ್ವಲ್ಪ ಹೋಯಿತು. ಜೊತೆಗೆ ಕೆಳಗಿನ ಕ್ರೋಮ್ ಪಟ್ಟಿ ಮಸುಕಾಯಿತು, ಇವತ್ತಿಗೂ ಹಾಗೇ ಇದೆ. ನಿಮ್ಮ ಹೊಸ ಗಾಡಿಗೆ ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಪಕ್ಕದಲ್ಲೇ ನಿಂತು ನೋಡಿ, ಬೇಡ ಅಂತ ಬಾಯಿಬಿಟ್ಟು ಹೇಳಿ.

ಇನ್ನೊಂದು ದಾರಿ ಡಿಐ ರೆಸಿನ್, ಅಂದರೆ ನೀರಿನ ಲವಣ ಹಿಡಿದುಕೊಳ್ಳುವ ಮಣಿಗಳು. ಸಣ್ಣ ಮಣಿಗಳ ಡಬ್ಬಿಯಲ್ಲಿ ನೀರು ಹಾಯಿಸಿದರೆ ಮೀಟರ್ ಸೊನ್ನೆ ತೋರಿಸುತ್ತದೆ, ಒರೆಸುವ ಕೆಲಸವೇ ಇಲ್ಲ. ಆದರೆ ಬೋರ್ ನೀರನ್ನು ನೇರವಾಗಿ ಹಾಯಿಸಿದರೆ ಬೇಗ ತೀರಿಹೋಗುತ್ತದೆ. ನನ್ನ 1140ರ ನೀರಿಗೆ ಲೆಕ್ಕ ಹಾಕಿದರೆ ಒಂದು ಲೀಟರ್ ರೆಸಿನ್ ಅಂದಾಜು ಇಪ್ಪತ್ತು-ಮೂವತ್ತು ಲೀಟರಿಗೆ ಮುಗಿಯುತ್ತದೆ. 60ರ ಆರ್‌ಓ ನೀರಿಗಾದರೆ ನಾನೂರು ಲೀಟರ್ ತನಕ ಬರುತ್ತದೆ. ಹಾಗಾಗಿ ಮೊದಲು ಮೀಟರ್ ತಗೊಂಡು ನಿಮ್ಮ ಬೋರ್, ಆರ್‌ಓ, ಎಸಿ ಮೂರನ್ನೂ ಅಳೆದು ಅಂಕಿ ಇಲ್ಲಿ ಬರೆಯಿರಿ. ಎಸಿ ನೀರು 30ರ ಒಳಗಿದ್ದು ವಾರಕ್ಕೆ ಹತ್ತು ಲೀಟರ್ ಸಿಕ್ಕರೆ ರೆಸಿನ್ ತರುವುದೇ ಬೇಡ.