ಎ-ಲೆವೆಲ್ ಕೈಕೊಟ್ಟರೆ ಕ್ಲಿಯರಿಂಗ್‌ನಲ್ಲಿ ಒಳ್ಳೆಯ ಸೀಟು ಸಿಗುತ್ತದಾ? ಈಗಲೇ ಏನು ತಯಾರಿ ಮಾಡಿಕೊಳ್ಳಬೇಕು?

ನಿಮ್ಮ ಮಗಳಿಗೆ ಆಗಸ್ಟ್‌ನ ಈ ಬರುವ ಗುರುವಾರ ಎ-ಲೆವೆಲ್ (ಇಲ್ಲಿನ ಹನ್ನೆರಡನೇ ತರಗತಿ ಮಟ್ಟದ ಪರೀಕ್ಷೆ) ಫಲಿತಾಂಶ. ಬಯೋಮೆಡಿಕಲ್ ಸೈನ್ಸ್‌ಗೆ ಫರ್ಮ್ (ಮೊದಲ ಆಯ್ಕೆಯ) ಯೂನಿವರ್ಸಿಟಿ ಎ ಎ ಬಿ ಕೇಳಿದೆ, ಇನ್ಶೂರೆನ್ಸ್ (ಎರಡನೇ ಆಯ್ಕೆಯ) ಯೂನಿವರ್ಸಿಟಿ ಬಿ ಬಿ ಬಿ. ಕೆಮಿಸ್ಟ್ರಿ ಪೇಪರ್ ಕೆಟ್ಟಿದೆ ಅಂತ ಅವಳು ಎರಡು ತಿಂಗಳಿಂದ ಕೊರಗುತ್ತಿದ್ದಾಳೆ. ನೀವು ಊರಲ್ಲಿ ಸಿಇಟಿ ಕೌನ್ಸೆಲಿಂಗ್ ನೋಡಿದವರು. ಇಂಗ್ಲೆಂಡಿನ ಈ ಕ್ಲಿಯರಿಂಗ್ (ಉಳಿದ ಸೀಟುಗಳಿಗೆ ಯೂನಿವರ್ಸಿಟಿಗಳಿಗೇ ಫೋನ್ ಮಾಡಿ ಕೇಳುವ ವ್ಯವಸ್ಥೆ) ಕೂಡ ಹಾಗೇನಾ, ಅಲ್ಲಿ ಯಾರಿಗೂ ಬೇಡವಾದ ಸೀಟುಗಳು ಮಾತ್ರ ಉಳಿದಿರುತ್ತವಾ ಅಂತ ಕೇಳಿದ್ದೀರಿ.

ನಾನು ಈ ಫೋನಿನ ಆ ಕಡೆ ಕೂತವನು. ಎಂಎಸ್ಸಿ ಡಿಸರ್ಟೇಷನ್ ಬರೆಯುತ್ತಿದ್ದ ಆಗಸ್ಟ್‌ನಲ್ಲಿ ಖರ್ಚಿಗೆ ಅಂತ ನಮ್ಮ ಯೂನಿವರ್ಸಿಟಿಯ ಕ್ಲಿಯರಿಂಗ್ ಹಾಟ್‌ಲೈನ್‌ನಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಅಲ್ಲೇ ಆಫೀಸಿನಲ್ಲಿ ನೌಕರಿ ಸಿಕ್ಕಿತು, ಇನ್ನೂ ಎರಡು ಆಗಸ್ಟ್ ಅದೇ ಹೆಡ್‌ಫೋನ್ ಹಾಕಿಕೊಂಡೆ. ಹಾಗಾಗಿ ಹೇಳುವುದಕ್ಕೆ ಸ್ವಲ್ಪ ಜಾಸ್ತಿಯೇ ಇದೆ.

ಮೊದಲು ಒಂದು ಸಮಾಧಾನ. ನಿಮ್ಮ ಮಗಳು ಕ್ಲಿಯರಿಂಗ್‌ಗೆ ಹೋಗಬೇಕಾಗಿಯೇ ಬರದಿರಬಹುದು. ಎ ಎ ಬಿ ಬದಲು ಎ ಬಿ ಬಿ ಬಂದರೂ ಫರ್ಮ್ ಯೂನಿವರ್ಸಿಟಿ ತೆಗೆದುಕೊಳ್ಳುವ ಸಾಧ್ಯತೆ ಇದೆ. ಒಂದು ಗ್ರೇಡ್ ತಪ್ಪಿದವರನ್ನು ಒಳಗೆ ಬಿಟ್ಟುಕೊಳ್ಳುವುದು ಇಲ್ಲಿ ಅಪರೂಪವೇನಲ್ಲ. ಅವರು ಬೇಡ ಅಂದರೂ ಬಿ ಬಿ ಬಿ ಇದ್ದರೆ ಇನ್ಶೂರೆನ್ಸ್ ಸೀಟು ತಾನಾಗಿಯೇ ಖಾತ್ರಿಯಾಗುತ್ತದೆ. ಎರಡೂ ಕೈತಪ್ಪಿದರೆ ಮಾತ್ರ ಕ್ಲಿಯರಿಂಗ್. ಇಲ್ಲವೇ ಅವಳೇ ಮನಸ್ಸು ಬದಲಿಸಿ ಇರುವ ಸೀಟನ್ನು ಬಿಟ್ಟುಕೊಟ್ಟರೆ.

ಉಳಿದ ಸೀಟುಗಳೇನೂ ಕಸವಲ್ಲ. ಬೇರೆ ಯಾರೋ ಗ್ರೇಡ್ ತಪ್ಪಿಸಿಕೊಂಡಿದ್ದರಿಂದ ಖಾಲಿಯಾದ ಸೀಟುಗಳೂ ಅಲ್ಲಿರುತ್ತವೆ. ಸಂಶೋಧನೆಗೆ ಹೆಸರಾದ ರಸೆಲ್ ಗ್ರೂಪ್‌ನ 24 ಯೂನಿವರ್ಸಿಟಿಗಳಲ್ಲಿ ಹಲವು ಪ್ರತಿ ವರ್ಷ ಈ ಪಟ್ಟಿಯಲ್ಲಿ ಕಾಣುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಬರುವುದಿಲ್ಲ. ಮೆಡಿಸಿನ್ ಸೀಟು ಬಂದರೂ ಬೆರಳೆಣಿಕೆಯಷ್ಟು. ವರ್ಷಕ್ಕೆ 50,000ಕ್ಕೂ ಹೆಚ್ಚು ಮಕ್ಕಳು ಕ್ಲಿಯರಿಂಗ್ ಮೂಲಕವೇ ಸೇರುತ್ತಾರೆ. ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ಬಾಗಿಲಿಂದ ಒಳಗೆ ಬಂದಿರಿ ಅಂತ ಯಾರೂ ಬರೆಯುವುದಿಲ್ಲ. ಮರ್ಯಾದೆಯ ಮಾತು ಆಡುವವರು ಹೆಚ್ಚಾಗಿ ದೇವಸ್ಥಾನದ ಊಟದ ಸಾಲಿನಲ್ಲಿ ನಿಂತಿರುವ ನಮ್ಮವರೇ, ಬಿಡಿ.

ಇನ್ನು ಸಿಇಟಿಯ ವಿಷಯ. ಇಲ್ಲೇ ನಮ್ಮ ಅಪ್ಪ ಅಮ್ಮಂದಿರು ಎಡವುವುದು. ಕೆಇಎ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಇರುತ್ತದೆ, ಆಪ್ಷನ್ ಎಂಟ್ರಿ ಇರುತ್ತದೆ, ಮಾಕ್ ಅಲಾಟ್‌ಮೆಂಟ್ ಬರುತ್ತದೆ, ಕಂಪ್ಯೂಟರ್ ಹಂಚುತ್ತದೆ. ಅಲ್ಲಿ ಅಪ್ಪ ಕೂತು ಆಪ್ಷನ್ ತುಂಬಿದರೂ ಕೆಲಸ ನಡೆಯುತ್ತದೆ. ಕ್ಲಿಯರಿಂಗ್‌ನಲ್ಲಿ ರ‍್ಯಾಂಕೂ ಇಲ್ಲ, ಹಂಚುವ ಕಂಪ್ಯೂಟರೂ ಇಲ್ಲ. ಒಂದೊಂದು ಯೂನಿವರ್ಸಿಟಿಯೂ ತನ್ನ ಸೀಟಿಗೆ ತಾನೇ ಯಜಮಾನ. ಅದು ನಡೆಯುವುದು ಮಾತಿನ ಮೇಲೆ. ಆ ಮಾತನ್ನು ನಿಮ್ಮ ಮಗಳೇ ಆಡಬೇಕು.

ಒಂದು ಕರೆ ನನಗೆ ಈಗಲೂ ನೆನಪಿದೆ. ಒಬ್ಬ ತಂದೆ. ಇಂಗ್ಲಿಷ್ ಚೆನ್ನಾಗಿತ್ತು, ವಿನಯವೂ ಇತ್ತು. ಮಗಳ ಗ್ರೇಡುಗಳನ್ನು ಸರಸರ ಹೇಳಿದರು. ಹಿಂದೆ ಹುಡುಗಿಯ ಪಿಸುಮಾತು ಕೇಳಿಸುತ್ತಿತ್ತು. 'ಅವರನ್ನೇ ಮಾತಾಡಿಸಬಹುದಾ?' ಅಂದೆ. 'ಅವಳು ತುಂಬಾ ಬೇಜಾರಲ್ಲಿದ್ದಾಳೆ, ನಾನೇ ಹೇಳುತ್ತೇನೆ' ಅಂದರು. ನಾನು ಏನೂ ಮಾಡುವ ಹಾಗಿರಲಿಲ್ಲ. ವಿದ್ಯಾರ್ಥಿಯ ಜೊತೆ ಮಾತಾಡದೆ ಆಫರ್ ಕೊಡಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದರು. ಅವರು ಫೋನ್ ಇಟ್ಟರು. ಅರ್ಧ ಗಂಟೆ ಬಿಟ್ಟು ಆ ಹುಡುಗಿಯೇ ಕರೆ ಮಾಡಿದಳೋ ಏನೋ, ನನಗೆ ಬರಲಿಲ್ಲ. ಯೂನಿವರ್ಸಿಟಿ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆಯಲ್ಲಿ ನಾಮಿನೇಟೆಡ್ ಆಕ್ಸೆಸ್ ಅಂತ ಒಂದಿದೆ, ಅದರಲ್ಲಿ ನಿಮ್ಮ ಹೆಸರು ಹಾಕಿಸಿದರೆ ಅರ್ಜಿಯ ಬಗ್ಗೆ ನೀವು ವಿಚಾರಿಸಬಹುದು. ಹಾಕಿಸಿಡಿ, ಒಳ್ಳೆಯದೇ. ಆದರೆ ಸೀಟು ಕೇಳುವ ಕರೆಗೆ ಅದನ್ನು ಬಳಸಬೇಡಿ. ನೀವು ಪಕ್ಕದಲ್ಲಿ ಪೆನ್ನು ಹಿಡಿದು ಕೂತುಕೊಳ್ಳಿ. ಕಾಫಿ ಮಾಡಿಕೊಡಿ. ಅಷ್ಟು ಸಾಕು.

ಫೋನ್ ಎತ್ತಿದವನ ಮುಂದೆ ಏನಿರುತ್ತದೆ ಅಂತ ಗೊತ್ತಿದ್ದರೆ ಮಗಳ ಭಯ ಸ್ವಲ್ಪ ಇಳಿಯಬಹುದು. ನನ್ನ ಮುಂದೆ ಒಂದು ಪಟ್ಟಿ ಇರುತ್ತಿತ್ತು: ಯಾವ ಕೋರ್ಸಿಗೆ ಎಷ್ಟು ಗ್ರೇಡು. ಮೊದಲು ಯುಕಾಸ್ ಪರ್ಸನಲ್ ಐಡಿ ಕೇಳುತ್ತಿದ್ದೆ, ಆಮೇಲೆ ಎ-ಲೆವೆಲ್ ಗ್ರೇಡುಗಳು, ಆಮೇಲೆ ಜಿಸಿಎಸ್‌ಇಯ (ಇಲ್ಲಿನ ಹತ್ತನೇ ತರಗತಿ ಮಟ್ಟದ ಪರೀಕ್ಷೆ) ಇಂಗ್ಲಿಷ್ ಮತ್ತು ಗಣಿತ. ಅರ್ಧದಷ್ಟು ಮಕ್ಕಳು ಜಿಸಿಎಸ್‌ಇ ಗ್ರೇಡ್ ಕೇಳಿದ ಕೂಡಲೇ 'ಒಂದ್ನಿಮಿಷ' ಅಂತ ಓಡುತ್ತಿದ್ದರು. ಗ್ರೇಡು ಪಟ್ಟಿಗೆ ಸರಿಹೊಂದಿದರೆ ಬಾಯಿಮಾತಿನ ಆಫರ್ ನಾನೇ ಕೊಡುತ್ತಿದ್ದೆ. ಸ್ವಲ್ಪ ಕಡಿಮೆ ಇದ್ದರೆ ಕರೆಯನ್ನು ಅಡ್ಮಿಷನ್ ಟ್ಯೂಟರ್‌ಗೆ ದಾಟಿಸುತ್ತಿದ್ದೆ. ಅವರು ಕೇಳುವ ಪ್ರಶ್ನೆ ಒಂದೇ, 'ಈ ಕೋರ್ಸ್ ಯಾಕೆ?' ಅದಕ್ಕೆ ಮೂರು ವಾಕ್ಯ ಇವತ್ತೇ ಯೋಚಿಸಿಡಲಿ. ಅರ್ಜಿಯಲ್ಲಿ ತನ್ನ ಬಗ್ಗೆ ಬರೆದ ಪರ್ಸನಲ್ ಸ್ಟೇಟ್‌ಮೆಂಟ್ ಇನ್ನೊಮ್ಮೆ ಓದಿಕೊಳ್ಳಲಿ, ಅವರ ಮುಂದೆಯೂ ಅದು ತೆರೆದಿರಬಹುದು. ಕೆಮಿಸ್ಟ್ರಿ ಯಾಕೆ ಕೆಟ್ಟಿತು ಅಂತ ಕೇಳಿದರೆ ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಲಿ. ಕಥೆ ಬೇಡ. ಹಾಗೆಯೇ, ಬೇರೆ ಯೂನಿವರ್ಸಿಟಿಯ ಹೆಸರು ಬಾಯಿಗೆ ಬರದ ಹಾಗೆ ನೋಡಿಕೊಳ್ಳಲಿ. ನಗಬೇಡಿ, ನನಗೆ ದಿನಕ್ಕೆ ನಾಲ್ಕೈದು ಸಲ ಆಗುತ್ತಿತ್ತು.

ಆ ಪಟ್ಟಿ ಕಲ್ಲಿನ ಮೇಲೆ ಬರೆದದ್ದಲ್ಲ. ಬೆಳಿಗ್ಗೆ ಬಿ ಬಿ ಸಿ ಕೇಳುತ್ತಿದ್ದ ಕೋರ್ಸು ಮಧ್ಯಾಹ್ನದ ಹೊತ್ತಿಗೆ ಮುಚ್ಚಿಹೋಗಬಹುದು, ಇನ್ನೊಂದು ಕೋರ್ಸು ಒಂದು ಗ್ರೇಡ್ ಕೆಳಗೆ ಇಳಿಯಲೂಬಹುದು. ಯುಕಾಸ್ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಣದ ಕೋರ್ಸಿನ ಬಗ್ಗೆಯೂ ಒಂದು ಸಲ ಕೇಳಿ ನೋಡಲಿ. ಕೆಲವು ಕಡೆ ಪಾಯಿಂಟ್ ಲೆಕ್ಕ ಹೇಳುತ್ತಾರೆ: ಎ ಅಂದರೆ 48, ಬಿ 40, ಸಿ 32. ಎ ಬಿ ಬಿ ಆದರೆ 128, ಬಿ ಬಿ ಸಿ ಆದರೆ 112. ಲೆಕ್ಕ ಮೊದಲೇ ಬರೆದಿಟ್ಟುಕೊಳ್ಳಿ.

ಈಗ ಗುರುವಾರದ ಬೆಳಿಗ್ಗೆ. 8 ಗಂಟೆಯ ಆಸುಪಾಸಿಗೆ ಯುಕಾಸ್ ಹಬ್ (ಅವಳ ಅರ್ಜಿಯ ಆನ್‌ಲೈನ್ ಖಾತೆ) ಹೊಸದಾಗುತ್ತದೆ. ಅದರಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಅಷ್ಟೇ ಕಾಣುವುದು, ಗ್ರೇಡು ಕಾಣುವುದಿಲ್ಲ. ಗ್ರೇಡು ಬರುವುದು ಶಾಲೆಯಿಂದ. ಎರಡನ್ನೂ ನೋಡಿ. ಹಬ್‌ನಲ್ಲಿ ಏನೂ ಬದಲಾಗದೆ ಹಾಗೇ ಇದ್ದರೆ ಫರ್ಮ್ ಯೂನಿವರ್ಸಿಟಿ ಇನ್ನೂ ಯೋಚಿಸುತ್ತಿದೆ ಅಂತ. ಮೊದಲ ಕರೆ ಅವರಿಗೇ ಹೋಗಲಿ. ಕೆಲವೊಮ್ಮೆ ಅವರು ಬೇರೆ ಕೋರ್ಸ್ ಕೊಡುತ್ತೇವೆ ಅನ್ನುತ್ತಾರೆ, ಅದಕ್ಕೆ ಕಣ್ಣು ಮುಚ್ಚಿ ಹೂಂ ಅನ್ನಬೇಕಾಗಿಲ್ಲ.

ಕ್ಲಿಯರಿಂಗ್‌ಗೆ ಇಳಿದರೆ, ಬಾಯಿಮಾತಿನ ಆಫರ್ ಎಷ್ಟು ಬೇಕಾದರೂ ಪಡೆಯಬಹುದು. ಹಬ್‌ನಲ್ಲಿ ಸೇರಿಸುವುದು ಮಾತ್ರ ಒಂದು ಸಲಕ್ಕೆ ಒಂದೇ. ಈಚಿನ ವರ್ಷಗಳಲ್ಲಿ ಆ ಬಟನ್ ಫಲಿತಾಂಶದ ದಿನ ಮಧ್ಯಾಹ್ನ 1 ಗಂಟೆಗೆ ತೆರೆಯುತ್ತದೆ. ಅಂದರೆ ಬೆಳಿಗ್ಗೆಯಿಂದ 1 ಗಂಟೆಯವರೆಗೆ ಮಾತಾಡಿ, ಹೋಲಿಸಿ, ಯೋಚಿಸುವುದಕ್ಕೆ ಸಮಯವಿದೆ. ನಾವು ಆಫರ್ ಕೊಟ್ಟಾಗ ಯಾವಾಗಿನ ಒಳಗೆ ಸೇರಿಸಬೇಕು ಅಂತ ಹೇಳುತ್ತಿದ್ದೆವು. ಆ ಗಡುವನ್ನು, ಮಾತಾಡಿದವರ ಹೆಸರನ್ನು, ಕೋರ್ಸ್ ಕೋಡನ್ನು ನೀವು ಬರೆದುಕೊಳ್ಳಿ. ಪೆನ್ನು ಹಿಡಿದು ಕೂತುಕೊಳ್ಳಿ ಅಂದದ್ದು ಇದಕ್ಕೇ.

ಒಂದು ಎಚ್ಚರಿಕೆ, ಇದು ನಮ್ಮ ಮನೆಯಲ್ಲೇ ಆದದ್ದು. ನನ್ನ ಅಕ್ಕನ ಮಗನಿಗೆ ಇನ್ಶೂರೆನ್ಸ್ ಸೀಟು ಖಾತ್ರಿಯಾಗಿತ್ತು. ಅವನಿಗೆ ಇನ್ನೊಂದು ಯೂನಿವರ್ಸಿಟಿಯ ಮೇಲೆ ಕಣ್ಣು. ಫೋನಿನಲ್ಲಿ 'ಸೀಟು ಇವೆ, ಅರ್ಜಿ ನೋಡಿ ತಿಳಿಸುತ್ತೇವೆ' ಅಂದರಂತೆ. ಇವನು ಅದನ್ನೇ ಆಫರ್ ಅಂದುಕೊಂಡು ಹಬ್‌ನಲ್ಲಿ ಡಿಕ್ಲೈನ್ ಬಟನ್ ಒತ್ತಿಬಿಟ್ಟ. ಆಮೇಲೆ ನನಗೆ ಫೋನ್: 'ಮಾಮಾ, ಈಗ ಏನ್ ಮಾಡೋದು?' ಕೈಯಲ್ಲಿದ್ದ ಸೀಟು ಹೋಯಿತು, ಕಣ್ಣಿಟ್ಟ ಸೀಟು ಸಂಜೆಗೆ ಭರ್ತಿಯಾಯಿತು. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಮೂರನೇ ಕಡೆ ಸಿಕ್ಕಿತು, ಈಗ ಖುಷಿಯಾಗಿಯೇ ಇದ್ದಾನೆ, ಅದು ಬೇರೆ ಮಾತು. 'ಸೀಟು ಇವೆ' ಅನ್ನುವುದಕ್ಕೂ 'ನಿನಗೆ ಸೀಟು ಕೊಟ್ಟಿದ್ದೇವೆ' ಅನ್ನುವುದಕ್ಕೂ ಅಜಗಜಾಂತರ. ಎರಡನೆಯದು ಈಮೇಲ್‌ನಲ್ಲಿ ಬರುವವರೆಗೆ ಆ ಬಟನ್ ಹತ್ತಿರ ಬೆರಳು ಹೋಗಬಾರದು.

ಬಯೋಮೆಡಿಕಲ್ ಸೈನ್ಸ್ ಅಂದಿರಲ್ಲ, ಅದಕ್ಕೆ ಒಂದು ಮಾತು. ಹೆಸರು ಒಂದೇ ಇದ್ದರೂ ಎಲ್ಲ ಕೋರ್ಸೂ ಒಂದೇ ಅಲ್ಲ. ಮುಂದೆ ಎನ್‌ಎಚ್‌ಎಸ್ ಲ್ಯಾಬ್‌ನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಆಗುವ ಆಸೆ ಇದ್ದರೆ ಐಬಿಎಂಎಸ್ (ಆ ವೃತ್ತಿಯವರ ಸಂಸ್ಥೆ) ಮಾನ್ಯತೆ ಇರುವ ಡಿಗ್ರಿ ನೋಡಿಕೊಳ್ಳಬೇಕು. ಆ ಕೆಲಸಕ್ಕೆ ಬೇಕಾದ ಎಚ್‌ಸಿಪಿಸಿ ನೋಂದಣಿಯ ದಾರಿ ಅದರಿಂದ ಸಲೀಸಾಗುತ್ತದೆ. ಮಾನ್ಯತೆ ಇಲ್ಲದ ಡಿಗ್ರಿ ಆದರೆ ಆಮೇಲೆ ಹೆಚ್ಚುವರಿ ವಿಷಯಗಳನ್ನು ಓದಿ ಸರಿದೂಗಿಸಬೇಕಾಗಬಹುದು. ಬರೀ ವಿಜ್ಞಾನದ ಆಸಕ್ತಿ ಇದ್ದರೆ ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ ಕೂಡ ಪಟ್ಟಿಗೆ ಸೇರಿಸಿ, ದಾರಿ ಅಗಲವಾಗುತ್ತದೆ. ಐದಾರು ಕೋರ್ಸು ಈ ವಾರವೇ ಆರಿಸಿ, ಫೋನ್ ನಂಬರ್ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಗುರುವಾರ ಬೆಳಿಗ್ಗೆ ಅಳುತ್ತಾ ಗೂಗಲ್ ಮಾಡುವುದಕ್ಕೂ ಈ ಹಾಳೆ ಇಟ್ಟುಕೊಂಡು ಡಯಲ್ ಮಾಡುವುದಕ್ಕೂ ತುಂಬಾ ವ್ಯತ್ಯಾಸ, ಅಲ್ವಾ?

ನೀವು ಕೇಳದ ಒಂದು ವಿಷಯ ಇದೆ, ನಮ್ಮಂಥ ಮನೆಗಳಲ್ಲಿ ಅದೇ ದೊಡ್ಡದು: ಫೀಸು. ಇಂಗ್ಲೆಂಡಿನಲ್ಲಿ ಹೋಮ್ ಫೀಸು (ಇಲ್ಲಿನವರಿಗೆ ಇರುವ ಫೀಸು) 2025-26ರಲ್ಲಿ ವರ್ಷಕ್ಕೆ 9,535 ಪೌಂಡ್ ಇತ್ತು. ನೀವು ವರ್ಕ್ ವೀಸಾದಲ್ಲಿದ್ದು ಮಗಳು ಡಿಪೆಂಡೆಂಟ್ ಆಗಿದ್ದರೆ, ಇನ್ನೂ ಐಎಲ್‌ಆರ್ (ಕಾಯಂ ಆಗಿ ಇಲ್ಲಿರುವ ಅನುಮತಿ) ಸಿಕ್ಕಿರದಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ಓವರ್‌ಸೀಸ್ ಫೀಸು ಬೀಳುತ್ತದೆ, ಸಾಲವೂ ಸಿಗುವುದಿಲ್ಲ. ಸಾಮಾನ್ಯ ನಿಯಮ ಏನೆಂದರೆ, ಸೆಪ್ಟೆಂಬರ್‌ನಲ್ಲಿ ಶುರುವಾಗುವ ಕೋರ್ಸಿಗೆ ಸೆಪ್ಟೆಂಬರ್ 1ರಂದು ಐಎಲ್‌ಆರ್‌ನಂಥ ಸೆಟಲ್ಡ್ ಸ್ಟೇಟಸ್ ಇರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ಬೇರೆ ಕೆಲವು ವರ್ಗಗಳಿಗೂ ಅವಕಾಶವಿದೆ, ಅವನ್ನು ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಯುಕೆಸಿಸಾ ಸಂಸ್ಥೆಯ ವೆಬ್‌ಸೈಟ್ ವಿವರವಾಗಿ ಹೇಳುತ್ತದೆ. ಐಎಲ್‌ಆರ್ ಅರ್ಜಿ ಹಾಕುವ ಹಂತದಲ್ಲಿದ್ದರೆ ಒಂದು ವರ್ಷ ತಡೆಯುವುದೇ ಲಾಭ ಆಗಬಹುದು. ಫಸ್ಟ್ ಕ್ಲಾಸ್ ಸೀಟು ಸಿಕ್ಕಿತು ಅಂತ ಸಿಹಿ ಹಂಚಿ, ಆಮೇಲೆ ಫೀಸು ನೋಡಿ ಸುಮ್ಮನಾದ ಮನೆಗಳನ್ನು ನೋಡಿದ್ದೇನೆ. ಕ್ಲಿಯರಿಂಗ್ ಕರೆಯಲ್ಲೇ ಫೀ ಸ್ಟೇಟಸ್ ಕೇಳಿ.

ಕೆಮಿಸ್ಟ್ರಿಯಲ್ಲಿ ಒಂದೆರಡು ಅಂಕದಲ್ಲಿ ಗ್ರೇಡ್ ತಪ್ಪಿದ್ದರೆ ಶಾಲೆಯ ಮೂಲಕ ಪ್ರಯಾರಿಟಿ ರಿವ್ಯೂ (ಬೇಗ ಮಾಡುವ ಮರುಪರಿಶೀಲನೆ) ಕೇಳಬಹುದು. ಸುಮಾರು ಒಂದು ವಾರದೊಳಗೆ ಕೇಳಬೇಕು. ಅಂಕ ಇಳಿಯಲೂಬಹುದು, ಅದಕ್ಕೆ ತಯಾರಿರಬೇಕು. ರಿವ್ಯೂ ಹಾಕಿದ್ದೇವೆ ಅಂತ ಫರ್ಮ್ ಯೂನಿವರ್ಸಿಟಿಗೆ ಅವತ್ತೇ ತಿಳಿಸಿ. ಆಗಸ್ಟ್ 31 ದಾಟಿದ ಮೇಲೆ ಈ ವರ್ಷದ ಸೀಟು ಕಾಯ್ದಿಡಬೇಕಾದ ಹಂಗು ಅವರಿಗಿಲ್ಲ.

ಊರಿನಲ್ಲಿ ಪಿಯುಸಿ ಮುಗಿಸಿದ ಮಗ ಕ್ಲಿಯರಿಂಗ್ ಮೂಲಕ ಇಲ್ಲಿಗೆ ಬರಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅವನ ಫಲಿತಾಂಶ ಆಗಲೇ ಕೈಯಲ್ಲಿದೆ, ಹಾಗಾಗಿ ಜುಲೈ ಆರಂಭದಲ್ಲಿ ಕ್ಲಿಯರಿಂಗ್ ತೆರೆದಾಗಲೇ ಕೇಳಬಹುದಿತ್ತು. ಈಗ ಆಗಸ್ಟ್‌ನಲ್ಲಿ ಕಷ್ಟ, ಯಾಕೆಂದರೆ ಸೀಟಿನ ಆಮೇಲೆ ಕ್ಯಾಸ್ (ವೀಸಾಕ್ಕೆ ಯೂನಿವರ್ಸಿಟಿ ಕೊಡುವ ದೃಢೀಕರಣ) ಬರಬೇಕು, ಬ್ಯಾಂಕಿನಲ್ಲಿ ದುಡ್ಡು ಸತತ 28 ದಿನ ಇರಬೇಕು, ವೀಸಾ ತೀರ್ಮಾನಕ್ಕೆ ಮತ್ತೆ ಸುಮಾರು ಮೂರು ವಾರ. ಜನವರಿಯಲ್ಲಿ ಶುರುವಾಗುವ ಕೋರ್ಸು ಇದೆಯಾ ಅಂತ ವಿಚಾರಿಸುವುದು ವಾಸಿ. ಪಿಯುಸಿಯನ್ನು ನೇರವಾಗಿ ಒಪ್ಪುತ್ತಾರಾ, ಫೌಂಡೇಷನ್ ವರ್ಷ ಬೇಕು ಅನ್ನುತ್ತಾರಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ನಿಮ್ಮ ಮಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಎಲ್ಲೂ ಮನಸ್ಸಿಗೆ ಒಪ್ಪುವ ಸೀಟು ಸಿಗದಿದ್ದರೆ ಒಂದು ವರ್ಷ ಬಿಟ್ಟು, ಕೆಮಿಸ್ಟ್ರಿ ಮತ್ತೆ ಬರೆದು, ಜನವರಿ ಗಡುವಿನೊಳಗೆ ಹೊಸದಾಗಿ ಅರ್ಜಿ ಹಾಕಬಹುದು. ನಮ್ಮವರಿಗೆ ವರ್ಷ ಬಿಡುವುದು ಅಂದರೆ ಫೇಲ್ ಆದಂತೆ. ಇಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಇಷ್ಟವಿಲ್ಲದ ಕೋರ್ಸಿಗೆ ಸೇರಿ ಕ್ರಿಸ್‌ಮಸ್ ಹೊತ್ತಿಗೆ ಬಿಟ್ಟು ಬಂದವರಿಗಿಂತ ಅವರೇ ಆರಾಮಾಗಿರುವುದನ್ನು ಕಂಡಿದ್ದೇನೆ.

ಸೀಟು ಹಬ್‌ನಲ್ಲಿ ಸೇರಿಸಿ, ಯೂನಿವರ್ಸಿಟಿ ಒಪ್ಪಿದ ಕೂಡಲೇ ಎರಡು ಕೆಲಸ, ಅವತ್ತು ರಾತ್ರಿಯೊಳಗೆ. ಸ್ಟೂಡೆಂಟ್ ಫೈನಾನ್ಸ್ (ಸರ್ಕಾರದ ವಿದ್ಯಾರ್ಥಿ ಸಾಲ) ಅರ್ಜಿ ಹಾಕಿದ್ದರೆ ಅದರಲ್ಲಿ ಯೂನಿವರ್ಸಿಟಿ, ಕೋರ್ಸು ಬದಲಿಸಿ. ಹೊಸ ಅರ್ಜಿ ಬೇಕಾಗಿಲ್ಲ. ಇನ್ನೊಂದು, ಹಾಸ್ಟೆಲ್ ರೂಮು. ಕ್ಲಿಯರಿಂಗ್‌ನಲ್ಲಿ ಬಂದವರಿಗೂ ರೂಮು ಖಾತ್ರಿ ಅಂತ ಕೆಲವರು ಹೇಳುತ್ತಾರೆ, ಎಲ್ಲರೂ ಹೇಳುವುದಿಲ್ಲ. ಮೊದಲು ಅರ್ಜಿ ಹಾಕಿದವರಿಗೆ ಕ್ಯಾಂಪಸ್ ಒಳಗೆ ಸಿಗುತ್ತದೆ, ಮೂರು ದಿನ ಬಿಟ್ಟು ಹಾಕಿದವರು ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರ. ಅಡುಗೆಮನೆ ಹಂಚಿಕೊಳ್ಳುವ ರೂಮೋ ಅಥವಾ ಕ್ಯಾಟರಿಂಗ್ ಇರುವುದೋ ಅಂತಲೂ ನೋಡಿ. ನಮ್ಮ ಮಕ್ಕಳಿಗೆ ಒಂದು ಕುಕ್ಕರ್ ಇಡುವ ಜಾಗ ಬೇಕೇ ಬೇಕು.